ಬೇಕರಿಯವನ ರಾತ್ರಿ ಸಂಚಾರ

ಹೆಂಡತಿ: ಆ ಹಡಗಿನ ಹೋಟೆಲ್ ಮುಚ್ಚಿ ಯಾವ ಕಾಲ ಆಯ್ತು ರೀ.

ಗಂಡ: ಮುಚ್ಚಿಲ್ಲ. ಮುಚ್ಚಿದ್ರೆ ಪೇಪರಲ್ಲಿ ಬರ್ತಿತ್ತು.

ಹೆಂಡತಿ: ಬಂದಿತ್ತು. ನೀವು ಅದರಲ್ಲಿ ಬನ್ನು ಸುತ್ತಿ ಕೊಟ್ರಿ.

ಈ ಮಾತು ನಡೆಯುತ್ತಿದ್ದದ್ದು ಬೇಕರಿಯ ಮೇಲಿನ ಮನೆಯಲ್ಲಿ, ಬೆಳಗಿನ ಬ್ರೆಡ್ಡೆಲ್ಲ ಮಾರಿ ಮುಗಿದು ಕೆಳಗಿನ ಬಾಗಿಲು ಅರ್ಧ ಎಳೆದ ಹೊತ್ತಿನಲ್ಲಿ. ಗಂಡನೆಂಬುವನು ಬೇಕರಿಯ ಯಜಮಾನ. ಸಂಜೆ ಎಂಟಕ್ಕೆ ಮಲಗಿ, ಊರೆಲ್ಲ ಹೊದ್ದು ಮಲಗಿರುವಾಗ ಎದ್ದು ಹಿಟ್ಟು ಕಲಸುವುದು ಅವನ ಬದುಕು. ಎಂಟರ ಮೇಲೆ ಈ ಊರು ಎಲ್ಲಿಗೆ ಹೋಗುತ್ತದೆ, ಏನು ತಿನ್ನುತ್ತದೆ, ಯಾರ ಜೊತೆ ಕುಣಿಯುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡವನಲ್ಲ. ಹಾಗಂತ ಏನೂ ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. ಬ್ರೆಡ್ಡು ಸುತ್ತಲು ತೂಕಕ್ಕೆ ತರುವ ರದ್ದಿ ಪೇಪರನ್ನು ಭಟ್ಟಿ ಕಾಯುವ ತನಕ ಕೂತು ಓದುತ್ತಾನೆ. ಊರಿನ ಸಮಸ್ತ ಜ್ಞಾನವೂ ಅವನಿಗೆ ಅಲ್ಲಿಂದಲೇ ಬಂದದ್ದು. ಜ್ಞಾನಕ್ಕೇನೂ ಕೊರತೆಯಿಲ್ಲ, ತಾರೀಖು ಮಾತ್ರ ಹರಿದುಹೋಗಿರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅವನಿಗೊಬ್ಬ ಭಾವ, ಅಂದರೆ ಅಕ್ಕನ ಗಂಡ, ದೂರದ ಸಣ್ಣ ಊರೊಂದರಲ್ಲಿ ಹೈಸ್ಕೂಲಿನ ಹೆಡ್‌ಮಾಸ್ತರು. ಹಿಂದೊಮ್ಮೆ ನಂಟರೆಲ್ಲ ಸೇರಿದ್ದಾಗ ಈ ಭಾವ, ಇವನು ಪಟ್ಟಣದಲ್ಲಿದ್ದಾನೆ ಅನ್ನುವುದು ಲಕೋಟೆಯ ಮೇಲೆ ಬರೆಯುವುದಕ್ಕಷ್ಟೇ, ಬಾವಿಯ ಕಪ್ಪೆ ಕತ್ತೆತ್ತಿದರೆ ಆಕಾಶವಾದರೂ ಕಾಣುತ್ತದೆ, ಇವನಿಗೆ ಮೈದಾಹಿಟ್ಟು ಎಂದುಬಿಟ್ಟರು. ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಂದಿನಿಂದ ಭಾನುವಾರ ಬಂತೆಂದರೆ ಭಾವನಿಗೆ ಫೋನು. ಮೊನ್ನೆ ರಾತ್ರಿ ಹಡಗಿನಂತೆ ಕಟ್ಟಿದ ಹೋಟೆಲಿನಲ್ಲಿ ಊಟ, ನಿನ್ನೆ ಹಾಡಿನ ಮಹಡಿಯಲ್ಲಿ ಹಾಡು, ಮ್ಯಾನೇಜರೇ ಬಾಗಿಲಿಗೆ ಬಂದು ಕರೆದುಕೊಂಡು ಹೋದರು, ಹೀಗೆ. ಬುರುಡೆಯೆಂದರೆ ಬುರುಡೆ, ಅದೂ ಹಳಸಿದ್ದು.

ಈಗ ಆ ಭಾವ ಸಂಸಾರ ಸಮೇತ ಸಂಜೆ ನಾಲ್ಕರ ರೈಲಿಗೆ ಬರುವವರಿದ್ದರು. ‘ಹಗಲು ಮಕ್ಕಳಿಗೆ, ರಾತ್ರಿ ನಮಗೆ, ಎಲ್ಲ ನೀನೇ ತೋರಿಸಬೇಕು’ ಎಂದು ಅಪ್ಪಣೆಯೂ ಆಗಿತ್ತು. ಗುಟ್ಟು ರಟ್ಟಾದರೆ ನಂಟರ ಬಾಯಲ್ಲಿ ಇವನ ಮಾನ ಮೂರು ಕಾಸಿಗೆ ಹರಾಜು. ಆ ಭಯಕ್ಕೇ ಮನುಷ್ಯ ಭಟ್ಟಿ ಆರಿಸಿ, ಬಾಗಿಲಿಗೆ ‘ನಾಳೆ ರಜೆ’ ಎಂಬ ಬೋರ್ಡು ತೂಗುಹಾಕಿದ್ದ.

ಹೆಂಡತಿ: ನನ್ನ ತಂಗಿ ಮದುವೆಗೆ ಆರಲಿಲ್ಲ ಈ ಭಟ್ಟಿ. ಭಾವನ ಬಾಯಿಗೆ ಹೆದರಿ ಆರಿತು ನೋಡಿ.

ಗಂಡ: ಹೆದರಿಕೆ ಅಲ್ಲ ಕಣೇ, ಅತಿಥಿ ಸತ್ಕಾರ. ಸರಿ, ಹಡಗು ಬಿಡು. ಮಕ್ಕಳಿಗೆ ಮೊದಲು ಮೀನಿನ ಮನೆ. ಗಾಜಿನ ಸುರಂಗದಲ್ಲಿ ನಡ್ಕೊಂಡು ಹೋಗ್ತಿದ್ರೆ ತಲೆ ಮೇಲೆ ಮೀನು ಈಜತ್ತೆ.

ಹೆಂಡತಿ: ಈಜ್ತಿತ್ತು. ಈಗಲ್ಲಿ ಚಪ್ಪಲಿ ಅಂಗಡಿ. ತಲೆ ಮೇಲೆ ಚಪ್ಪಲಿ ತೂಗ್ತಿರತ್ತೆ, ಅದನ್ನೇ ತೋರಿಸಿ.

ಗಂಡ: ಕೆರೇಲಿ ದೋಣಿ?

ಹೆಂಡತಿ: ಕೆರೆ ಬಸ್ ಸ್ಟ್ಯಾಂಡ್ ಆಯ್ತು. ದೋಣಿ ಬದಲು ಬಸ್ ಹತ್ತಿಸಿ. ಮಳೆಗಾಲದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ.

ಗಂಡ: ಪಾರ್ಕಲ್ಲಿ ಪುಟಾಣಿ ರೈಲು?

ಹೆಂಡತಿ: ಅದು ಇದೆ.

ಗಂಡ: ನೋಡಿದ್ಯಾ ಮತ್ತೆ.

ಹೆಂಡತಿ: ರೈಲು ಇದೆ, ಹಳಿ ಇಲ್ಲ. ಬೋಗಿ ಒಳಗೆ ಐಸ್‌ಕ್ರೀಮ್ ಮಾರ್ತಾರೆ.

ಅಜ್ಜಿ: ಹಸಿರುದು ತಗೋಬೇಡಿ. ಬರೀ ಬಣ್ಣ.

ಮೂಲೆಯ ಕುರ್ಚಿಯಲ್ಲಿ ಕಾಲುಚೀಲಕ್ಕೆ ತೇಪೆ ಹಾಕುತ್ತಿದ್ದ ಈ ಅಜ್ಜಿ ಬೇಕರಿಯವನ ತಾಯಿ. ಬೀದಿಗೆಲ್ಲ ಅಜ್ಜಿ. ಕಾಲುನೋವು. ಮೆಟ್ಟಿಲು ಇಳಿದು ಹಾಲು ತರುವುದೆಂದರೆ ಆಗದು. ಮಗ ತಿರುಗಿ ನೋಡಿದ.

ಗಂಡ: ನಿನಗೆ ಹೇಗಮ್ಮ ಗೊತ್ತು?

ಅಜ್ಜಿ: ಪಕ್ಕದ್ಮನೆಯವಳು ಹೇಳಿದ್ಳು.

ಗಂಡ: ಹಡಗು ಹೋಟೆಲ್ ಮುಚ್ಚಿದ್ದು?

ಹೆಂಡತಿ: ಅದೂ ಅವಳೇ.

ಗಂಡ: ಎಷ್ಟು ತಿರುಗ್ತಾಳೆ ಆ ಹೆಂಗಸು. ಅವಳ ಗಂಡನಿಗೆ ಇದೆಲ್ಲ ಗೊತ್ತೇನು?

ಹೆಂಡತಿ: ಪಾಪ, ಅವರಿಗೇನೂ ಗೊತ್ತಿಲ್ಲ.

ಗಂಡ: ಹೆಂಡತಿ ಊರು ಸುತ್ತೋದು ಗೊತ್ತಾಗಲ್ವಾ? ಎಂಥ ಪೆದ್ದ ಇರಬೇಕು ಅವನು.

ಹೆಂಡತಿ: ಪೆದ್ದು ಅನ್ನಬೇಡಿ. ಒಳ್ಳೆಯವರೇ. ಸ್ವಲ್ಪ ನಿದ್ದೆ ಜಾಸ್ತಿ.

ಅಜ್ಜಿ ಕಾಲುಚೀಲವನ್ನು ಮುಖಕ್ಕೆ ಹತ್ತಿರ ಹಿಡಿದು ಬಹಳ ಶ್ರದ್ಧೆಯಿಂದ ಹೊಲಿಯತೊಡಗಿದಳು. ಬೇಕರಿಯವನು ಪಕ್ಕದ ಮನೆಯ ಗಂಡನ ಬಗ್ಗೆ ಇನ್ನೂ ಒಂದೆರಡು ಮಾತಾಡಿ ಮರುಗಿ, ಗಂಡಸರು ಹೀಗೆ ಕಣ್ಣು ಮುಚ್ಚಿಕೊಂಡಿದ್ದರೆ ಸಂಸಾರ ಹೇಗೆ ನಡೆದೀತು ಎಂದು ಬುದ್ಧಿಮಾತು ಹೇಳಿ, ರಾತ್ರಿಯ ಕಾರ್ಯಕ್ರಮಕ್ಕೆ ಬಂದ. ಅದನ್ನು ಅವನು ಬ್ರೆಡ್ಡಿನ ಲೆಕ್ಕದಲ್ಲೇ ಹಾಕಿಟ್ಟಿದ್ದ.

ಗಂಡ: ಐದೂವರೆಗೆ ಊಟ. ಆರಕ್ಕೆ ಹಾಡು. ಆರೂವರೆಗೆ ಕುಣಿತ. ಆಮೇಲೆ ಪೇಟೆ ಬೀದೀಲಿ ದೀಪ ನೋಡ್ಕೊಂಡು ಏಳೂವರೆಗೆ ಮನೆ.

ಹೆಂಡತಿ: ಇದು ರಾತ್ರಿ ಸಂಚಾರನೋ, ಕೋಳಿ ಗೂಡು ಸೇರೋದೋ?

ಗಂಡ: ಕತ್ತಲಾದ್ರೆ ರಾತ್ರಿ ತಾನೆ.

ಹೆಂಡತಿ: ಐದೂವರೆಗೆ ಬಿಸಿಲು ಹೊಡೀತಿರತ್ತೆ. ಭಾವನಿಗೆ ಕಪ್ಪು ಕನ್ನಡಕ ಹಾಕಿಸಿ ಕರ್ಕೊಂಡು ಹೋಗ್ತೀರಾ?

ಗಂಡ: ಎಂಟರ ಮೇಲೆ ನಾನು ಎಚ್ಚರ ಇರಲ್ಲ, ನಿನಗೂ ಗೊತ್ತು.

ಹೆಂಡತಿ: ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರತ್ತೆ.

ಕೊನೆಗೆ ಎಲ್ಲವೂ ಹಾಡಿನ ಮಹಡಿಗೆ ಬಂದು ನಿಂತಿತು. ಹಳೆಯ ಸಿನಿಮಾ ಟಾಕೀಸಿನ ಮೇಲಂತಸ್ತು ಅದು. ಊಟದ ಟೇಬಲ್ಲುಗಳು, ಮುಂದೆ ಒಂದು ಸಣ್ಣ ವೇದಿಕೆ, ಮನಸ್ಸು ಬಂದವರು ಯಾರು ಬೇಕಾದರೂ ಹತ್ತಿ ಹಾಡಬಹುದು. ಭಾವನಿಗೆ ಬಿಟ್ಟ ಬುರುಡೆಗಳಲ್ಲೆಲ್ಲ ದೊಡ್ಡದು ಇದೇ ಜಾಗದ್ದು. ಇದೂ ಚಪ್ಪಲಿ ಅಂಗಡಿಯಾಗಿದ್ದರೆ ಗತಿಯೇನು ಎಂದು ಅವನು ಹೆದರುತ್ತಲೇ ಕೇಳಿದ.

ಗಂಡ: ಅದಾದ್ರೂ ಇದೆಯಾ?

ಅಜ್ಜಿ: ಇಲ್ದೆ ಏನು, ಹೋದ ವಾರ ತಾನೆ...

ಹೆಂಡತಿ ಕೆಮ್ಮಿದಳು.

ಅಜ್ಜಿ: ಇದೆಯಂತೆ.

ಗಂಡ: ಸದ್ಯ. ಅಲ್ಲಿನ ಮ್ಯಾನೇಜರ್ ನನ್ನನ್ನ ಕಂಡ ತಕ್ಷಣ ಎದ್ದು ಬರ್ತಾನೆ ಅಂತ ಭಾವನಿಗೆ ಹೇಳಿಬಿಟ್ಟಿದೀನಿ. ದಪ್ಪ ಮೀಸೆ ಅಂತಾನೂ ಹೇಳಿದೀನಿ.

ಹೆಂಡತಿ: ಮೀಸೆ ಇಲ್ಲ. ಬೋಳು ತಲೆ.

ಗಂಡ: ಪಕ್ಕದ್ಮನೆಯವಳು ಅವನ ತಲೇನೂ ನೋಡಿದಾಳಾ?

ಆಗ ಅವನಿಗೊಂದು ಉಪಾಯ ಹೊಳೆಯಿತು. ಮುಂಚೆಯೇ ಫೋನು ಮಾಡಿ ಮ್ಯಾನೇಜರನ್ನು ಒಳಗೆ ಹಾಕಿಕೊಂಡರೆ ಮುಗಿಯಿತಲ್ಲ. ಹೆಂಡತಿ ಬೇಡವೆಂದಳು, ತಾನೇ ಏನಾದರೂ ಮಾಡುತ್ತೇನೆ ಎಂದಳು. ನಿನಗೆ ಅಲ್ಲಿ ಯಾರು ಗೊತ್ತು ಎಂದು ಅವನು ಕೇಳಿದ್ದಕ್ಕೆ ಅವಳು ಮೇಜು ಒರೆಸತೊಡಗಿದಳು. ರದ್ದಿಯ ಜಾಹೀರಾತಿನಲ್ಲಿ ನಂಬರು ಸಿಕ್ಕಿತು. ಬೆಳಗಿನ ಹಿಟ್ಟನ್ನು ಕೈಯಿಂದ ಇನ್ನೂ ತೊಳೆದಿರದಿದ್ದುದರಿಂದ ಮೊಣಕೈಯಲ್ಲೇ ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದ. ಆ ಪೇಪರು ಅವನಿಗೆ ಹೇಳಿದ್ದರಲ್ಲಿ ನಿಜವಾಗಿದ್ದದ್ದು ಆ ನಂಬರೊಂದೇ.

ಫೋನು: ಹಾಡಿನ ಮಹಡಿ. ಮ್ಯಾನೇಜರ್ ಮಾತಾಡ್ತಿರೋದು.

ಗಂಡ: ನಮಸ್ಕಾರ. ನಾನು ಗಡಿಯಾರ ಕಂಬದ ಹತ್ರ ಬೇಕರಿ ಇದೆಯಲ್ಲ, ಅದರ ಯಜಮಾನ. ಸಂಜೆ ನಂಟರ ಜೊತೆ ಬರ್ತಿದೀನಿ. ಒಂದು ಉಪಕಾರ ಆಗ್ಬೇಕು. ನಾನು ಒಳಗೆ ಬಂದ ತಕ್ಷಣ ನೀವು ವಾರ ವಾರ ಕಂಡೋರ ಥರ, ‘ಬನ್ನಿ ಯಜಮಾನ್ರೆ, ನಿಮ್ಮ ಟೇಬಲ್ ಹಾಗೇ ಇಟ್ಟಿದೀವಿ’ ಅನ್ಬೇಕು.

ಫೋನು: ಯಾವ ಬೇಕರಿ ಅಂದ್ರಿ?

ಗಂಡ: ಗಡಿಯಾರ ಕಂಬದ್ದು.

ಫೋನು: ನೋಡಿ ಸ್ವಾಮಿ, ಆ ಮನೆಯವರು ನಮಗೆ ಚೆನ್ನಾಗಿ ಗೊತ್ತು. ನೀವ್ಯಾರು ಹೇಳಿ.

ಗಂಡ: ಆ ಮನೆ ಯಜಮಾನ ನಾನೇ.

ಫೋನು: ಸಾಧ್ಯವೇ ಇಲ್ಲ. ಅವರು ಮನೆ ಬಿಟ್ಟು ಬರೋ ಪೈಕಿ ಅಲ್ಲ. ಎಂಟಕ್ಕೆ ಮಲಗ್ತಾರೆ. ಗೊರಕೆ ಹೊಡೆದ್ರೆ ಕೆಳಗೆ ಬ್ರೆಡ್ ಟ್ರೇ ಅದುರತ್ತೆ. ಅಜ್ಜಿ ವೇದಿಕೆ ಮೇಲೆ ಆ ಗೊರಕೆ ಮಾಡಿ ತೋರಿಸಿದ್ರೆ ಜನ ಬಿದ್ದು ಬಿದ್ದು ನಗ್ತಾರೆ.

ಗಂಡ: ಯಾವ ಅಜ್ಜಿ?

ಫೋನು: ಬೇಕರಿ ಅಜ್ಜಿ. ಅವರೂ ಸೊಸೇನೂ ಶುಕ್ರವಾರ ತಪ್ಪಿಸೋದೇ ಇಲ್ಲ. ಇವತ್ತೂ ಬರ್ತಾರೆ, ಕಿಟಕಿ ಪಕ್ಕದ ಟೇಬಲ್ ಅವರದ್ದೇ. ಅಂಥ ಮರ್ಯಾದಸ್ಥರ ಹೆಸರು ಹೇಳ್ಕೊಂಡು ಬಿಟ್ಟಿ ದೊಡ್ಡಸ್ತಿಕೆಗೆ ಬರ್ತೀರಲ್ಲ, ನಾಚಿಕೆ ಆಗಬೇಕು. ಇರಿ, ಅವರ ಯಜಮಾನ್ರು ಎದ್ದ ಮೇಲೆ ನಿಮ್ಮ ವಿಷಯ ಅವರ ಕಿವಿಗೆ ಹಾಕಿಸ್ತೀನಿ.

ಫೋನು ಕಡಿಯಿತು. ತಾನು ತಾನೇ ಎಂದು ಹೇಳಿಕೊಂಡು ಬೈಸಿಕೊಂಡ ಮನುಷ್ಯ ಹೆಂಡತಿಯ ಕಡೆ ತಿರುಗಿದ. ಅಜ್ಜಿ ಹೊಲಿದು ಮುಗಿಸಿದ್ದ ಕಾಲುಚೀಲವನ್ನು ಬಿಚ್ಚಿ ಮತ್ತೆ ಹೊಲಿಯಲು ಶುರುಮಾಡಿದಳು.

ಗಂಡ: ಪಕ್ಕದ್ಮನೆಯವಳು...

ಹೆಂಡತಿ: ಅವಳು ನಿಮಗಿಂತ ಮುಂಚೆ ಮಲಗ್ತಾಳೆ.

ಗಂಡ: ಅಮ್ಮ, ಹಾಲಿಗೆ ಇಳಿಯೋಕೆ ಆಗಲ್ಲ ನಿನಗೆ. ಕಾಲುನೋವು ಅಂತೀಯ.

ಅಜ್ಜಿ: ಹಾಲಿಗೆ ಇಳಿದ್ರೆ ನೋಯತ್ತೆ ಕಣೋ. ಹಾಡೋಕೆ ಇಳಿದ್ರೆ ನೋಯಲ್ಲ. ಡಾಕ್ಟರಿಗೂ ಇದು ತಿಳೀಲಿಲ್ಲ.

ಗಂಡ: ಯಾವಾಗಿಂದ ನಡೀತಿದೆ?

ಅಜ್ಜಿ: ಆ ಹಡಗು ಮುಚ್ಚೋದಕ್ಕಿಂತ ಮುಂಚಿಂದ. ಊಟ ಚೆನ್ನಾಗಿತ್ತು ಅಲ್ಲಿ.

ಗಂಡ: ನನಗೆ ಒಂದು ಮಾತು ಹೇಳಬಹುದಿತ್ತು.

ಹೆಂಡತಿ: ಹೇಳಿದ್ದೆ. ಮದುವೆ ಆದ ಹೊಸದ್ರಲ್ಲಿ ಪ್ರತಿ ಶುಕ್ರವಾರ ಕೇಳ್ತಿದ್ದೆ, ಎಲ್ಲಾದ್ರೂ ಹೋಗಿ ಬರೋಣ್ವಾ ಅಂತ. ಹಿಟ್ಟು ಕಾಯ್ತಿದೆ ಅಂತಿದ್ರಿ. ನಾನೂ ಕಾಯ್ತಿದ್ದೆ ರೀ, ಹಿಟ್ಟು ಒಂದೇ ಅಲ್ಲ. ಬೇಜಾರಾಗಿ ನಿಮ್ಮನ್ನ ಕೇಳೋದು ಬಿಟ್ಟೆ, ಅತ್ತೇನ ಕೇಳಿದೆ. ನಾನು ತಲೆ ಬಾಚೋ ಅಷ್ಟರಲ್ಲಿ ಅವರು ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ರು.

ಅವನಿಗೆ ಕೋಪ ಬರಬೇಕಿತ್ತು. ಬಂತು ಕೂಡ. ಆದರೆ ವರ್ಷಗಟ್ಟಲೆ ಸುಳ್ಳು ಹೇಳಿದವನು ಇನ್ನೊಬ್ಬರನ್ನು ಯಾಕೆ ಮುಚ್ಚಿಟ್ಟಿರಿ ಎಂದು ಯಾವ ಬಾಯಲ್ಲಿ ಕೇಳುವುದು? ಪಕ್ಕದ ಮನೆಯ ಗಂಡನಿಗೆ ತಾನೇ ಕೊಟ್ಟ ಬಿರುದುಗಳೂ ಒಂದೊಂದಾಗಿ ನೆನಪಾದವು. ಮೇಲಾಗಿ, ಹಾಡಿನ ಮಹಡಿಗೆ ಹೋದರೆ ಭಾವನ ಎದುರಿಗೆ ತನ್ನ ಗೊರಕೆಗೇ ಚಪ್ಪಾಳೆ ಬೀಳುತ್ತದೆ. ತನಗೆ ಜ್ವರ ಬಂದಿದೆ, ಎಲ್ಲಿಗೂ ಹೋಗುವುದು ಬೇಡ ಎಂದು ಅವನು ಘೋಷಿಸಿದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದು ಈ ಮಗನಿಗೆ ತೊಟ್ಟಿಲಿನಿಂದ ಬಂದ ಅಭ್ಯಾಸ ಎಂದು ಅಜ್ಜಿ ಗೊಣಗಿದಳು. ಹೆಂಡತಿ ಒಳಗೆ ಹೋದಳು.

ನಾಲ್ಕರ ರೈಲು ಬಂತು. ಭಾವ, ಅಕ್ಕ, ಎರಡು ಮಕ್ಕಳು, ಆ ಮಕ್ಕಳಿಗಿಂತ ದೊಡ್ಡ ಎರಡು ಚೀಲ. ಬೇಕರಿಯವನು ಜ್ವರವಿದೆಯೆಂದು ಹೇಳಿದರೆ ಅಕ್ಕ ಹಣೆ ಮುಟ್ಟಿ ನೋಡಿ, ಭಟ್ಟಿಯ ಮುಂದೆ ನಿಲ್ಲುವವನ ಹಣೆ ಇದಕ್ಕಿಂತ ತಣ್ಣಗಿರುವುದು ಸಾಧ್ಯವೇ ಎಂದು ತಳ್ಳಿಹಾಕಿದಳು. ಊರು ತೋರಿಸಿದವಳು ಹೆಂಡತಿಯೇ. ಟಾಕೀಸಿನ ಹಿಂದೆ ಚಕ್ರದ ಬೂಟು ಹಾಕಿಕೊಂಡು ಜಾರುವ ಅಂಗಳವಿದೆಯೆಂದೂ, ಲೈಬ್ರರಿಯ ತಾರಸಿಯ ಮೇಲೆ ದುರ್ಬೀನಿನಲ್ಲಿ ಚಂದ್ರನನ್ನು ತೋರಿಸುತ್ತಾರೆಂದೂ ಅವನಿಗೆ ಗೊತ್ತಾದದ್ದು ಮಕ್ಕಳ ಜೊತೆಯಲ್ಲೇ. ಮಕ್ಕಳು ಹತ್ತು ಸಲ ಬಿದ್ದು ಹನ್ನೊಂದು ಸಲ ಎದ್ದರು. ಅವನು ಅವರಿಗಿಂತ ಹೆಚ್ಚು ಬಾಯಿ ಬಿಟ್ಟು ನೋಡಿದ. ಭಾವ ಮಾತ್ರ ಹೆಜ್ಜೆಗೊಮ್ಮೆ, ಇದೆಲ್ಲ ಮಕ್ಕಳಾಟ, ನಮ್ಮದೇನಿದ್ದರೂ ರಾತ್ರಿ ಎನ್ನುತ್ತಿದ್ದರು, ಅಕ್ಕನಿಗೆ ಕೇಳುವ ಹಾಗೆ.

ಮನೆಗೆ ಬಂದು ಹೆಂಗಸರು ಮೇಲೆ ಬಟ್ಟೆ ಬದಲಿಸುತ್ತಿದ್ದಾಗ ಭಾವ ಇವನ ತೋಳು ಹಿಡಿದು ಕೆಳಗೆ, ತಣ್ಣಗಾದ ಭಟ್ಟಿಯ ಹತ್ತಿರ ಕರೆದೊಯ್ದರು.

ಭಾವ: ಬಾಗಿಲು ಹಾಕಪ್ಪ.

ಗಂಡ: ಭಾವ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು...

ಭಾವ: ಮೊದಲು ನಂದು ಕೇಳು. ಇವತ್ತು ರಾತ್ರಿ ಎಲ್ಲಿಗೂ ಬೇಡ ಅಂತ ನೀನೇ ಹೇಳ್ಬೇಕು. ನಾನು ಹೇಳಿದ್ರೆ ನನ್ನ ಮರ್ಯಾದೆ ಹೋಗತ್ತೆ.

ಗಂಡ: ಯಾಕೆ ಭಾವ?

ಭಾವ: ಏಳೂವರೆ ಆಯ್ತು ಅಂದ್ರೆ ನಾನು ಕೂತಲ್ಲೇ ಮಲಗಿಬಿಡ್ತೀನಿ. ಸ್ಕೂಲ್ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರ ಕುರ್ಚೀಲೇ ಮಲಗಿದ್ದೆ. ಕಣ್ಣು ಮುಚ್ಚಿ ಭಾಷಣ ಕೇಳ್ತಿದಾರೆ ಅಂತ ಜನ ಕೈ ಮುಗಿದ್ರು.

ಗಂಡ: ಮತ್ತೆ ‘ರಾತ್ರಿ ನಮಗೆ’ ಅಂದಿರಿ?

ಭಾವ: ನಾನೇನು ಮಾಡ್ಲಿ? ನೀನು ಪ್ರತಿ ಭಾನುವಾರ ಫೋನ್ ಮಾಡೋದು, ನಿಮ್ಮಕ್ಕ ಪಕ್ಕದಲ್ಲಿ ಕೂತು ಕೇಳೋದು. ಆಮೇಲೆ ವಾರವಿಡೀ ಒಂದೇ ಹಾಡು. ‘ನನ್ನ ತಮ್ಮ ಹಿಟ್ಟಲ್ಲಿ ಕೈ ಇಟ್ಕೊಂಡೂ ಹೆಂಡ್ತೀನ ವಾರಕ್ಕೊಂದು ಕಡೆ ಕರ್ಕೊಂಡು ಹೋಗ್ತಾನೆ. ನೀವು ಉತ್ತರ ಪತ್ರಿಕೆ ತಬ್ಕೊಂಡು ಮಲಗ್ತೀರಿ.’ ನಿನ್ನಿಂದ ನನ್ನ ಮನೇಲಿ ನೆಮ್ಮದಿ ಇಲ್ಲ ಕಣಪ್ಪ.

ಬೇಕರಿಯವನಿಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವನು ಬಿಟ್ಟ ರೈಲುಗಳಲ್ಲೆಲ್ಲ ಹೆಂಡತಿಗೂ ಒಂದು ಸೀಟು ಹಿಡಿದಿಟ್ಟಿದ್ದ. ಹಡಗಿನ ಹೋಟೆಲಿನಲ್ಲಿ ಅವಳು ಎದುರು ಕೂತಿದ್ದಳು, ಕೆರೆಯ ದೋಣಿಯಲ್ಲಿ ಪಕ್ಕದಲ್ಲಿದ್ದಳು. ಒಬ್ಬನೇ ಹೋದ ಸುಳ್ಳು ಅವನಿಂದ ಒಂದೂ ಹೊರಟಿರಲಿಲ್ಲ. ಈ ವಿಷಯ ಗೊತ್ತಿಲ್ಲದಿದ್ದವಳು ಒಬ್ಬಳೇ, ಅವಳು ಮೇಲೆ ತಲೆ ಬಾಚುತ್ತಿದ್ದಳು.

ಭಾವನ ಕೆಲಸ ಸುಲಭವಾಗಿ ಮುಗಿಯಿತು. ಮಹಡಿ ಹತ್ತಿ ಸೋಫಾದ ಮೇಲೆ ಸ್ವಲ್ಪ ಒರಗುತ್ತೇನೆಂದವರು ಮಾತು ಮುಗಿಯುವ ಮೊದಲೇ ನಿದ್ದೆ ಹೋದರು. ಬೇಕರಿಯವನ ಮಾನ ಉಳಿಯಿತು, ಬುರುಡೆಗೂ ಆಯುಷ್ಯ ಸಿಕ್ಕಿತು, ಎಂಟಕ್ಕೆ ಹಾಸಿಗೆಯೂ ಸಿದ್ಧವಿತ್ತು. ಮನುಷ್ಯನಿಗೆ ಇನ್ನೇನು ಬೇಕು? ಆದರೂ ಅವನು ಕನ್ನಡಿಯ ಮುಂದೆ ನಿಂತಿದ್ದ ಹೆಂಡತಿಯ ಹಿಂದೆ ಹೋಗಿ ನಿಂತ.

ಗಂಡ: ಭಾವ ಮಲಗಿದ್ರು.

ಹೆಂಡತಿ: ಒಳ್ಳೇದಾಯ್ತು. ನಿಮಗೂ ಹಾಸಿಟ್ಟಿದೀನಿ.

ಗಂಡ: ನಾನೂ ಬರ್ಲಾ?

ಹೆಂಡತಿ: ಯಾಕೆ? ತೋರಿಸಬೇಕಾದವರು ಮಲಗಿದ್ರಲ್ಲ. ಭಟ್ಟಿ ಆರಿಸಿದ್ದು ಅವರಿಗೋಸ್ಕರ ತಾನೆ.

ಗಂಡ: ಹೌದು. ಈಗ ಸುಮ್ಮನೆ ಆರಿದೆ. ಇನ್ಯಾರಿಗಾದ್ರೂ ಉಪಯೋಗ ಆಗೋ ಹಾಗಿದ್ರೆ ಆಗ್ಲಿ ಅಂತ.

ಅವಳು ಬಾಚಣಿಗೆ ಕೆಳಗಿಟ್ಟಳು. ಅವನು, ಭಾವನಿಗೆ ಹೇಳಿದ ಕತೆಗಳಲ್ಲೆಲ್ಲ ಅವಳೂ ಇದ್ದಳೆಂಬುದನ್ನು ತಡವರಿಸುತ್ತ ಹೇಳಿದ.

ಹೆಂಡತಿ: ಹೌದಾ? ಯಾವ ಬಟ್ಟೆ ಹಾಕ್ಕೊಂಡಿದ್ದೆ?

ಗಂಡ: ನೀಲಿ.

ಹೆಂಡತಿ: ನನ್ನ ಹತ್ರ ನೀಲಿ ಇಲ್ಲ.

ಗಂಡ: ಇತ್ತಲ್ಲ, ಮದುವೆ ಆದ ಹೊಸದ್ರಲ್ಲಿ.

ಹೆಂಡತಿ: ಅದು ಹರಿದು ನಿಮ್ಮ ಟ್ರೇ ಒರೆಸೋ ಬಟ್ಟೆ ಆಗಿದೆ. ನಿಮ್ಮ ಹತ್ರ ನನ್ನ ಸುದ್ದೀನೂ ರದ್ದಿ ಪೇಪರಿದ್ದೇ.

ಹೀಗೆ ಅಂದರೂ ಅವಳಿಗೆ ನಗು ಬಂದಿತ್ತು. ಬರುವುದಾದರೆ ಮೊದಲು ಕಿವಿಯ ಹಿಂದಿನ ಹಿಟ್ಟು ತೊಳೆದುಕೊಂಡು ಬನ್ನಿ ಎಂದಳು. ಅಜ್ಜಿ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಗಂಡ: ಅಮ್ಮ, ದಮ್ಮಯ್ಯ, ಇವತ್ತು ಆ ಗೊರಕೆ ಬೇಡ.

ಅಜ್ಜಿ: ಮಾಡಲ್ಲ ಬಿಡು. ಅಸಲೇ ಬರ್ತಿರೋವಾಗ ನಕಲು ಯಾರಿಗೆ ಬೇಕು.

ಹಾಡಿನ ಮಹಡಿಯ ಮೆಟ್ಟಿಲನ್ನು ಕಾಲುನೋವಿನ ಅಜ್ಜಿ ಎಲ್ಲರಿಗಿಂತ ಮುಂದಾಗಿ ಹತ್ತಿದಳು. ಅವಳ ಹಿಂದೆ ಅಕ್ಕ, ಮಕ್ಕಳು. ಗಂಡ ಹೆಂಡತಿ ಬಾಗಿಲಿಗೆ ಬರುವಾಗ ಮ್ಯಾನೇಜರು ಎದುರಾದರು. ಮೀಸೆಯಿರಲಿಲ್ಲ, ತಲೆ ಬೋಳು. ಅವರು ಅವಳನ್ನು ಕಂಡು ಮುಖವರಳಿಸಿ, ಟೇಬಲ್ ಹಾಗೇ ಇಟ್ಟಿದ್ದೇವೆ ಎಂದರು. ಬೆಳಿಗ್ಗೆ ಯಾವನೋ ಒಬ್ಬ ನಿಮ್ಮ ಯಜಮಾನರ ಹೆಸರು ಹೇಳಿಕೊಂಡು ಫೋನು ಮಾಡಿದ್ದ, ಚೆನ್ನಾಗಿ ಉಗಿದು ಕಳಿಸಿದೆ ಎಂದೂ ಹೇಳಿದರು. ಆಮೇಲೆ, ಒದ್ದೆ ಕಿವಿಯ ಈ ಹೊಸ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿದರು.

ಮ್ಯಾನೇಜರು: ಇವರು ಯಾರು ಗೊತ್ತಾಗಲಿಲ್ಲ?

ಹೆಂಡತಿ: ಊರಿಗೆ ಹೊಸಬರು. ನೋಡ್ಕೊಂಡು ಹೋಗೋಣ ಅಂತ ಬಂದಿದಾರೆ.

ಮ್ಯಾನೇಜರು: ಓಹೋ, ಸಂತೋಷ. ಎಷ್ಟು ದಿನ ಇರ್ತಾರೆ ಊರಲ್ಲಿ?

ಹೆಂಡತಿ: ಮೊದಲು ಎಂಟೂವರೆ ತನಕ ಇರ್ಲಿ, ಆಮೇಲೆ ಹೇಳ್ತೀನಿ.